ಬಿಸಿ ರೊಟ್ಟಿಗೆ ಬುಟ್ಟಿ, ಖಡಕ್ ರೊಟ್ಟಿಗೆ ಡಬ್ಬಿ

ಭಾಗ 1: ಸುಟ್ಟ ಡಬ್ಬಿ

ದೋಸ್ತರೇ, ಮೊದಲನೇ ಫೋಟೊ ನೋಡ್ರಿ. ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿ, ಒಳಗೆ ಒಂದು ಸರ್ಕ್ಯೂಟ್ ಬೋರ್ಡು. ಬೋರ್ಡಿನ ಒಂದು ಮೂಲೆ ಕಂದು ಬಣ್ಣಕ್ಕೆ ತಿರುಗಿದೆ, ಕೆಪಾಸಿಟರ್‌ನ ತಲೆ ಉಬ್ಬಿದೆ. ಇದನ್ನ ಹಾಳು ಮಾಡಿದವರು ನಾವೇ.

ಕಮಲಾಪುರದಾಗ ನಮ್ಮ ಕಾಕಾನ ಬಾಳೆ ತೋಟ ಅದ. ಹೌದು, ಅದೇ ಹೆಸರುವಾಸಿ ಕೆಂಪು ಬಾಳೆ. ತ್ರೀ ಫೇಸ್ ಕರೆಂಟ್ ಎಷ್ಟೋ ಸಲ ರಾತ್ರಿ ಪಾಳಿಯಲ್ಲಿ ಬರ್ತದ. ಆಗ ಕಾಕಾ ಬ್ಯಾಟರಿ ಹಿಡ್ಕೊಂಡು ಕತ್ತಲಾಗ ತೋಟಕ್ಕೆ ನಡೆದು ಮೋಟರ್ ಚಾಲೂ ಮಾಡಬೇಕು. ಹಾವು, ಚೇಳು ಓಡಾಡೋ ದಾರಿ ಅದು. ಆ ನಡಿಗೆ ತಪ್ಪಿಸಬೇಕು ಅಂತ ನಾವು ಮೂವರು ಕ್ಲಾಸ್‌ಮೇಟ್ಸ್ ಸೇರಿ, ಮನೆಯಿಂದ ಫೋನ್ ಮಾಡಿದ್ರೆ ಮೋಟರ್ ಚಾಲೂ ಆಗೋ ಸಿಮ್ ಕಂಟ್ರೋಲರ್ ಮಾಡಿದ್ವಿ.

ಸರ್ಕ್ಯೂಟ್‌ಗೆ ಎರಡು ತಿಂಗಳು ಕೊಟ್ಟಿದ್ವಿ. ಡಬ್ಬಿಗೆ ಕೊಟ್ಟಿದ್ದು ಹತ್ತೇ ನಿಮಿಷ. ಗಾಳಿಯಾಡದ ಡಬ್ಬಿ, ಧೂಳು ಹೋಗಲ್ಲ, ನೀರು ಹೋಗಲ್ಲ, ಮತ್ತೇನು ಬೇಕು ಅಂದ್ಕೊಂಡ್ವಿ. ಪಂಪ್‌ಶೆಡ್ಡಿನ ಹೊರಗೋಡೆಗೆ, ಬಿಸಿಲು ಬೀಳೋ ಕಡೆ ಜಡಿದ್ವಿ. ಏಪ್ರಿಲ್‌ನಾಗ ಸತ್ತೋಯ್ತು. ಕಾಕಾ ಮತ್ತೆ ರಾತ್ರಿ ಬ್ಯಾಟರಿ ಹಿಡ್ಕೊಂಡು ಹೊಂಟ್ರು.

ಸತ್ತ ಡಬ್ಬಿ ಮನೆಗೆ ತಂದಾಗ ಚಿಗವ್ವ ನೋಡಿ ಒಂದೇ ಮಾತು ಕೇಳಿದ್ಲು: "ಬಿಸಿ ರೊಟ್ಟಿ ಯಾರಾದ್ರೂ ಡಬ್ಬ್ಯಾಗ ಹಾಕಿ ಗಟ್ಟಿ ಮುಚ್ಚತಾರೇನೋ ತಮ್ಮಾ?"

ನಮ್ಮ ಕಡೆ ಹುಟ್ಟಿದವರಿಗೆ ಇದು ಗೊತ್ತಿರೋ ಮಾತು. ಬಿಸಿ ಜೋಳದ ರೊಟ್ಟಿ ಬುಟ್ಟ್ಯಾಗ ಬಟ್ಟೆ ಹಾಸಿ ಇಡ್ತಾರ, ಗಾಳಿ ಆಡಬೇಕು. ಡಬ್ಬ್ಯಾಗ ಮುಚ್ಚಿದ್ರೆ ನೀರು ಬಿಟ್ಟು ಮೆತ್ತಗಾಗ್ತದ. ಖಡಕ್ ರೊಟ್ಟಿ ಹಂಗಲ್ಲ. ಅದರಾಗ ಬಿಸಿಯೂ ಇಲ್ಲ, ನೀರೂ ಇಲ್ಲ. ಡಬ್ಬ್ಯಾಗ ಗಟ್ಟಿ ಮುಚ್ಚಿಟ್ರೆ ದಿನಗಟ್ಟಲೆ ಇರ್ತದ.

ಎಲೆಕ್ಟ್ರಾನಿಕ್ ಸಾಮಾನಿಗೆ ಡಬ್ಬಿ ಆರಿಸೋ ಇತಿಹಾಸವೆಲ್ಲ ಈ ಎರಡು ರೊಟ್ಟಿಗಳ ನಡುವೆ ಅದ. ಆ ಇತಿಹಾಸದ ಒಂದು ದೊಡ್ಡ ಪಾಠ ನಮ್ಮ ಜಿಲ್ಲೆಯೊಳಗೇ ನಡೆದದ್ದು. ಬರ್ರಿ, ಒಂದೊಂದಾಗಿ ನೋಡೋಣ.

ಭಾಗ 2: ಬುಟ್ಟಿಯ ಕಾಲ

ಎರಡನೇ ಫೋಟೊದಾಗಿರೋದು ಹಳೇ ವಾಲ್ವ್ ರೇಡಿಯೋ. ಕಲಬುರಗಿ ಆಕಾಶವಾಣಿ ಕೇಂದ್ರ ಶುರುವಾಗಿದ್ದು 1966ರಲ್ಲಿ. ಆಗ ಉಳ್ಳವರ ಮನೆಯ ಪಡಸಾಲೆಯಲ್ಲಿ ಇಂಥ ಕಟ್ಟಿಗೆ ಪೆಟ್ಟಿಗೆಗಳು ಕೂತಿರ್ತಿದ್ವು.

ಕಟ್ಟಿಗೆಯೇ ಯಾಕೆ? ಚೆಂದ ಕಾಣ್ತದ ಅನ್ನೋದು ಒಂದು ಕಾರಣ ಅಷ್ಟೇ. ವಾಲ್ವ್ ಅಂದ್ರೆ ಒಳಗೆ ಕಾದು ಕೆಂಪಾಗೋ ತಂತಿ ಇರೋ ಗಾಜಿನ ಬುರುಡೆ. ಒಂದು ರೇಡಿಯೋದಾಗ ಅಂಥವು ಐದಾರು. ಒಟ್ಟು 30ರಿಂದ 50 ವ್ಯಾಟ್ ತಿಂತಿತ್ತು, ಅದರಾಗ ಬಹುಪಾಲು ಬರೀ ಶಾಖ. ಅದಕ್ಕೆ ಪೆಟ್ಟಿಗೆ ದೊಡ್ಡದಿರಬೇಕಿತ್ತು. ಹಿಂಬದಿಗೆ ಸಾಲಾಗಿ ತೂತು ಕೊರೆದ ಹಲಗೆ. ತಣ್ಣನೆ ಗಾಳಿ ಕೆಳಗಿನ ತೂತಿನಿಂದ ಒಳಗೆ, ಬಿಸಿ ಗಾಳಿ ಮೇಲಿನ ತೂತಿನಿಂದ ಹೊರಗೆ. ಫ್ಯಾನ್ ಬೇಕಿಲ್ಲ. ಕಟ್ಟಿಗೆಗೆ ಕರೆಂಟ್ ಹರಿಯಲ್ಲ, ಮುಟ್ಟಿದವರಿಗೆ ಶಾಕ್ ಇಲ್ಲ. ಸ್ಪೀಕರ್ ಧ್ವನಿಯೂ ಕಟ್ಟಿಗೆಯಲ್ಲಿ ತುಂಬಿ ಬರ್ತದ.

ಅಂದ್ರೆ ಇದು ಬಿಸಿ ರೊಟ್ಟಿಯ ಬುಟ್ಟಿ. ಧೂಳು ಒಳಗೆ ಹೋಗ್ತಿತ್ತು, ಜಿರಳೆಯೂ ಹೋಗ್ತಿತ್ತು. ಆದ್ರೆ ರೇಡಿಯೋ ಇರೋದು ಮನೆಯೊಳಗೆ. ವಾರಕ್ಕೊಮ್ಮೆ ಒರೆಸೋಕೆ ಮನೆಯವರಿದ್ರು. ಗಾಳಿಗಾಗಿ ಧೂಳನ್ನ ಸಹಿಸಿಕೊಂಡ್ರು.

ಮುಂದೆ ಟ್ರಾನ್ಸಿಸ್ಟರ್ ಬಂತು. 1947ರ ಕೊನೆಗೆ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಈ ಸಣ್ಣ ಸಾಮಾನಿಗೆ ಕಾಯಿಸೋ ತಂತಿಯೇ ಬೇಕಿಲ್ಲ. ಒಂದು ವ್ಯಾಟ್‌ಗೂ ಕಡಿಮೆಯಲ್ಲಿ ರೇಡಿಯೋ ಹಾಡತೊಡಗಿತು. ಶಾಖ ಹೋದ ಕೂಡಲೇ ಪೆಟ್ಟಿಗೆ ಕುಗ್ಗಿತು. ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ, ಅದರ ಮೇಲೆ ತೂತು ತೂತಿನ ಚರ್ಮದ ಚೀಲ. ನಿಮ್ಮ ಮುತ್ಯಾ ಹೆಗಲಿಗೆ ಹಾಕ್ಕೊಂಡು ಹೊಲಕ್ಕೆ ಹೋಗ್ತಿದ್ರಲ್ಲ, ಅದೇ. ರೇಡಿಯೋ ಹೊಲಕ್ಕೆ ಹೋಗೋಕೆ ಕಾರಣ ಚರ್ಮದ ಚೀಲ ಅಲ್ಲ, ಒಳಗಿನ ಶಾಖ ಕಡಿಮೆ ಆದದ್ದು. ಈ ಮಾತು ನೆನಪಿಟ್ಕೊಳ್ರಿ, ಮುಂದೆ ಬೇಕಾಗ್ತದ.

ಭಾಗ 3: 1975, ನಮ್ಮ ಹಳ್ಳಿಗೆ ಆಕಾಶದಿಂದ ಟಿವಿ

ಈಗ ಬರ್ತದ ನಮ್ಮ ಜಿಲ್ಲೆಯ ಕಥೆ. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾಗಿದ್ದು 1981ರಲ್ಲಿ. ಆದ್ರೆ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಆಯ್ದ ಹಳ್ಳಿಗಳ ಜನ 1975ರಲ್ಲೇ ಟಿವಿ ನೋಡಿದ್ರು, ಅದೂ ಕನ್ನಡದಾಗ. ಆಗ ಬೆಂಗಳೂರಿನಾಗ ಟಿವಿ ಪ್ರಸಾರವೇ ಇರಲಿಲ್ಲ!

ಅದರ ಹೆಸರು ಸೈಟ್. ಉಪಗ್ರಹದ ಮೂಲಕ ಶಿಕ್ಷಣ ಕೊಡೋ ಪ್ರಯೋಗ. ನಾಸಾದ ಎಟಿಎಸ್-6 ಉಪಗ್ರಹವನ್ನ ಒಂದು ವರ್ಷದ ಮಟ್ಟಿಗೆ ಎರವಲು ಪಡೆದು ಇಸ್ರೋ ನಡೆಸಿದ್ದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ. ದಿನಕ್ಕೆ ನಾಲ್ಕು ತಾಸು ಪ್ರಸಾರ: ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ಊರವರಿಗೆ. ಟಿವಿ ಸೆಟ್ ಮಾಡಿದ್ದು ಹೈದರಾಬಾದಿನ ಇಸಿಐಎಲ್. ಹೊರಗೆ 3 ಮೀಟರ್ ಅಗಲದ ಡಿಶ್, ಅದನ್ನ ಮಾಡಿದ್ದು ಕೋಳಿಗೂಡಿನ ಜಾಲರಿಯಿಂದ.

ಈಗ ನೀವೇ ಆ ಎಂಜಿನಿಯರ್ ಜಾಗದಾಗ ಕೂಡ್ರಿ. ಹಳ್ಳಿಯಲ್ಲಿ ಟಿವಿ ಇಡಬೇಕು. ಬ್ಯಾಸಗ್ಯಾಗ 42, 43 ಡಿಗ್ರಿ. ಎರಿ ಮಣ್ಣಿನ ಧೂಳು. ಟಿವಿಯ ಪಿಕ್ಚರ್ ಟ್ಯೂಬಿಗೆ ಹತ್ತು ಸಾವಿರಕ್ಕೂ ಹೆಚ್ಚು ವೋಲ್ಟ್ ಬೇಕು, ಆ ವೋಲ್ಟೇಜು ಧೂಳನ್ನ ಅಯಸ್ಕಾಂತದಂಗ ಎಳ್ಕೋತದ. ಹಳೇ ಟಿವಿ ಬಿಚ್ಚಿದವರಿಗೆ ಒಳಗಿನ ಕರೀ ಪುಡಿ ಗೊತ್ತಿರ್ತದ. ಗಟ್ಟಿ ಮುಚ್ಚಿದ್ರೆ ಶಾಖ ಕೊಲ್ತದ, ತೆರೆದಿಟ್ರೆ ಧೂಳು ಕೊಲ್ತದ. ಮಳೆ, ಇಲಿ, ಹಲ್ಲಿ ಬೇರೆ. ಏನು ಮಾಡ್ತೀರಿ?

ಉತ್ತರ ಡಬ್ಬಿಯೊಳಗಿಲ್ಲ, ಜಾಗದೊಳಗೆ ಅದ. ಬಿಸಿಲಿಗೆ, ಮಳೆಗೆ ನಿಲ್ಲಲೇಬೇಕಾದದ್ದನ್ನ, ಅಂದ್ರೆ ಡಿಶ್ಶನ್ನ, ಮಾತ್ರ ಹೊರಗೆ ಇಟ್ರು. ಟಿವಿಯನ್ನ ಕಟ್ಟಡದೊಳಗೆ ಇಟ್ರು. ಗೋಡೆ, ಮಾಳಿಗೆಗಳೇ ಮೊದಲನೇ ಡಬ್ಬಿ ಆದವು. ಟಿವಿಯ ಪೆಟ್ಟಿಗೆ ಎರಡನೇ ಡಬ್ಬಿ ಅಷ್ಟೇ. ನೀರು, ಬಿಸಿಲು ತಡೆಯೋ ಕೆಲಸ ಕಟ್ಟಡಕ್ಕೆ ಹೋದ ಮೇಲೆ ಒಳಗಿನ ಪೆಟ್ಟಿಗೆಗೆ ತೂತು ಇದ್ರೂ ನಡೀತದ.

ಯಾವ ಕಟ್ಟಡ ಅನ್ನೋದೂ ಸಣ್ಣ ಮಾತಲ್ಲ. ಹೆಚ್ಚಿನ ಕಡೆ ಶಾಲೆ, ಪಂಚಾಯ್ತಿಯಂಥ ಸಾರ್ವಜನಿಕ ಜಾಗ. ಯಾರದೋ ವಾಡೆಯ ಪಡಸಾಲೆಯಲ್ಲಿ ಇಟ್ಟಿದ್ರೆ ಯಾರು ಒಳಗೆ ಕೂಡ್ತಿದ್ರು, ಯಾರು ಹೊರಗೆ ನಿಲ್ತಿದ್ರು ಅಂತ ನಮ್ಮ ಊರುಗಳನ್ನ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪ್ರಯೋಗ ಮುಗಿದ ಮೇಲೆ 1977ರಲ್ಲಿ ಗುಲಬರ್ಗಾದಲ್ಲಿ ನೆಲದ ಮೇಲಿನ ಟಿವಿ ಪ್ರಸಾರ ಕೇಂದ್ರವೇ ಬಂತು. ನಮ್ಮೂರು ಹಿಂದುಳಿದದ್ದು ಅನ್ನೋರಿಗೆ ಈ ಇಸವಿ ಹೇಳ್ರಿ.

ಭಾಗ 4: ಎರಡು ಅಂಕಿಯ ಭಾಷೆ

ಸೈಟ್ ಮುಗಿದ 1976ರಲ್ಲೇ ಇನ್ನೊಂದು ಕೆಲಸ ಆಯ್ತು. ಇಂಟರ್‌ನ್ಯಾಷನಲ್ ಎಲೆಕ್ಟ್ರೋಟೆಕ್ನಿಕಲ್ ಕಮಿಷನ್ ತನ್ನ 529ನೇ ನಂಬರಿನ ಮಾನದಂಡ ಪ್ರಕಟಿಸಿತು. ಇವತ್ತು ಅದು 60529. ನಿಮ್ಮ ಫೋನಿನ ಜಾಹೀರಾತಿನಾಗ ಬರೋ "ಐಪಿ68" ಇದೇ ಭಾಷೆಯದು.

ಮೊದಲನೇ ಅಂಕಿ ಧೂಳು, ಬೆರಳು, ತಂತಿಯಂಥ ಗಟ್ಟಿ ಪದಾರ್ಥದ್ದು. 2 ಅಂದ್ರೆ ಬೆರಳು ಒಳಗೆ ಹೋಗಲ್ಲ. 4 ಅಂದ್ರೆ 1 ಮಿಲಿಮೀಟರ್ ತಂತಿಯೂ ಹೋಗಲ್ಲ. 5 ಅಂದ್ರೆ ಧೂಳು ಸ್ವಲ್ಪ ಹೋದ್ರೂ ಕೆಲಸ ಕೆಡಲ್ಲ. 6 ಅಂದ್ರೆ ಧೂಳು ಹೋಗೋದೇ ಇಲ್ಲ.

ಎರಡನೇ ಅಂಕಿ ನೀರಿಂದು. 4 ಅಂದ್ರೆ ಎಲ್ಲ ದಿಕ್ಕಿನಿಂದ ಸಿಡಿಯೋ ನೀರು ತಡೀತದ. 5 ಅಂದ್ರೆ ಪೈಪ್ ಹಿಡಿದು ಹೊಡೆದ್ರೂ ಪರವಾಗಿಲ್ಲ. 7 ಅಂದ್ರೆ 1 ಮೀಟರ್ ನೀರಾಗ 30 ನಿಮಿಷ ಮುಳುಗಿಸಬಹುದು.

ಅಂಗಡಿಯಲ್ಲಿ "ಸರ್, ಐಪಿ65 ಅದ, ಕಣ್ಮುಚ್ಚಿ ತಗೋರಿ" ಅಂತಾರ. ಕಣ್ಣು ಮುಚ್ಚಬ್ಯಾಡ್ರಿ. ಆ ಅಂಕಿ ಬಿಸಿಲಿನ ಬಗ್ಗೆ ಒಂದಕ್ಷರ ಹೇಳಲ್ಲ. ಒಳಗಿನ ಶಾಖ, ತುಕ್ಕು, ಕಲ್ಲೇಟು ಯಾವುದನ್ನೂ ಹೇಳಲ್ಲ. ನಮ್ಮ ಅಡುಗೆಮನೆ ಡಬ್ಬಿ ಧೂಳು, ನೀರು ಎರಡನ್ನೂ ತಡೆದಿತ್ತು. ಆದ್ರೂ ಸತ್ತಿತು.

ಭಾಗ 5: ಕೀಲಿ ಯಾರ ಕೈಯಾಗ?

1980ರ ದಶಕ. ಟಿವಿ ಮನೆಗೆ ಬಂತು. ಕಟ್ಟಿಗೆ ಪೆಟ್ಟಿಗೆ, ಮುಂದೆ ಎಡಕ್ಕೆ ಬಲಕ್ಕೆ ಸರಿಯೋ ಶಟರ್, ನಡುವೆ ಕೀಲಿ. ನಿಮ್ಮ ಅಪ್ಪ-ಅವ್ವನಿಗೆ ಕೇಳ್ರಿ, ಆ ಶಟರ್ ಸರಿಯೋ ಸದ್ದು ಅವರಿಗೆ ಇನ್ನೂ ನೆನಪಿರ್ತದ. ಪರೀಕ್ಷೆ ಬಂತಂದ್ರೆ ಕೀಲಿ ಅಪ್ಪನ ಜೇಬಿಗೆ ಹೋಗ್ತಿತ್ತು.

ಮುಂದಿನ ಶಟರ್ ಧೂಳನ್ನ, ಮಕ್ಕಳನ್ನ ತಡೀತಿತ್ತು. ಹಿಂದಿನ ತೂತುಗಳು ಶಾಖ ಬಿಡ್ತಿದ್ವು. ಒಂದೇ ಪೆಟ್ಟಿಗೆಗೆ ಎರಡು ಮುಖ. ಡಬ್ಬಿ ಆರಿಸುವಾಗ "ಇದನ್ನ ಯಾರು ತೆಗೀಬೇಕು, ಯಾರು ತೆಗೀಬಾರದು" ಅನ್ನೋದೂ ಒಂದು ಪ್ರಶ್ನೆ. ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯಾಗ ಇದು ಜೀವದ ಪ್ರಶ್ನೆ. ಬಾಗಿಲು ಮುರಿದ ಡಬ್ಬಿ, ಹಸಿ ಕೈ, 415 ವೋಲ್ಟ್. ಮುಂದೆ ಹೇಳಬೇಕಾಗಿಲ್ಲ.

ಭಾಗ 6: 1986, ಕಿತ್ತೂರು

ಈಗ ಕಲಬುರಗಿಯಿಂದ ಪಶ್ಚಿಮಕ್ಕೆ, ಬೆಳಗಾವಿ ಜಿಲ್ಲೆಯ ಕಿತ್ತೂರಿಗೆ ಹೋಗೋಣ. ಚೆನ್ನಮ್ಮನ ಕಿತ್ತೂರು. ಯಾಕಂದ್ರೆ ಸೈಟ್ ಬಿಟ್ಟುಹೋದ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿದ್ದು ಅಲ್ಲಿ.

ಆಗಿನ ವಿದೇಶಿ ಎಲೆಕ್ಟ್ರಾನಿಕ್ ಟೆಲಿಫೋನ್ ಎಕ್ಸ್‌ಚೇಂಜುಗಳು ಎಸಿ ಕೋಣೆ ಕೇಳ್ತಿದ್ವು. ನಗರದಾಗ ಸರಿ. ಹಳ್ಳ್ಯಾಗ ಕರೆಂಟೇ ಬಂದು ಹೋಗೋ ಅತಿಥಿ, ಎಸಿ ಎಲ್ಲಿಂದ? ಕಿಟಕಿ ತೆರೆದ್ರೆ ಧೂಳು, ಮುಚ್ಚಿದ್ರೆ ಶಾಖ. ಮತ್ತೆ ಅದೇ ಗಂಟು.

1984ರ ಆಗಸ್ಟ್‌ನಲ್ಲಿ ಸಿ-ಡಾಟ್ ಸಂಸ್ಥೆ ಹುಟ್ಟಿತು. ಅದರ ಹಿಂದೆ ಸ್ಯಾಮ್ ಪಿತ್ರೋಡಾ, ಜಿ. ಬಿ. ಮೀಮಾಂಸಿ ಅಂಥವರಿದ್ದರು. ಅಲ್ಲಿನ ಹುಡುಗ-ಹುಡುಗಿಯರು, ಅಂದ್ರೆ ನಮಗಿಂತ ನಾಕೈದು ವರ್ಷ ದೊಡ್ಡವರು, ಹಳ್ಳಿಗಾಗಿ 128 ಪೋರ್ಟುಗಳ ಸಣ್ಣ ಎಕ್ಸ್‌ಚೇಂಜ್ ಮಾಡಿದ್ರು. ಹೆಸರು ರ‍್ಯಾಕ್ಸ್. 1986ರಲ್ಲಿ ಮೊದಲನೇದು ಕೂತಿದ್ದು ಕಿತ್ತೂರಿನಲ್ಲಿ.

ಅದರ ಗುಟ್ಟು ಏನು? ಎಸಿ ಇಲ್ಲದೆ ನಡೀತಿತ್ತು. ಅವರು ಒಳ್ಳೇ ಡಬ್ಬಿ ಹುಡುಕೋ ಮೊದಲು ಒಳಗಿನ ಶಾಖ ಕಡಿಮೆ ಮಾಡಿದ್ರು. ಕಡಿಮೆ ವಿದ್ಯುತ್ ತಿನ್ನೋ ಚಿಪ್‌ಗಳನ್ನ ಆರಿಸಿದ್ರು. ಒಳಗೆ ಬಿಸಿ ಕಡಿಮೆ ಇದ್ರೆ ಎಸಿ ಬೇಡ. ಎಸಿ ಬೇಡ ಅಂದ್ರೆ ಸಾಮಾನ್ಯ ಕೋಣೆ ಸಾಕು. ಹಳ್ಳಿಯಲ್ಲಿ ಕೋಣೆ ಸಿಗ್ತದ, ಎಸಿ ಸಿಗಲ್ಲ.

ಚಿಗವ್ವನ ಭಾಷೆಯಲ್ಲಿ ಹೇಳೋದಾದ್ರೆ, ರೊಟ್ಟಿಯನ್ನ ಮೊದಲು ಖಡಕ್ ಮಾಡಿದ್ರು, ಆಮೇಲೆ ಡಬ್ಬಿ ಹುಡುಕಿದ್ರು.

ಭಾಗ 7: ಸಣ್ಣ ಲೆಕ್ಕ

ಇದನ್ನ ಸೇವ್ ಮಾಡಿಟ್ಕೊಳ್ರಿ, ಪ್ರಾಜೆಕ್ಟಿಗೆ ಬೇಕಾಗ್ತದ.

ಪೂರ್ತಿ ಮುಚ್ಚಿದ ಡಬ್ಬಿಯೊಳಗೆ ಹೊರಗಿಗಿಂತ ಎಷ್ಟು ಬಿಸಿ ಹೆಚ್ಚಾಗ್ತದ? ಒಳಗೆ ಖರ್ಚಾಗೋ ವ್ಯಾಟನ್ನ, ಗಾಳಿಗೆ ತಾಗೋ ಮೇಲ್ಮೈಯಿಂದ (ಚದರ ಮೀಟರ್‌ನಲ್ಲಿ) ಭಾಗಿಸ್ರಿ. ಬಂದದ್ದನ್ನ ಕಬ್ಬಿಣದ ಡಬ್ಬಿ ಆದ್ರೆ ಸುಮಾರು 5.5ರಿಂದ, ಪ್ಲಾಸ್ಟಿಕ್ ಆದ್ರೆ ಸುಮಾರು 3.5ರಿಂದ ಮತ್ತೆ ಭಾಗಿಸ್ರಿ. ಅಂದಾಜು ಸಿಗ್ತದ.

ನಮ್ಮ ಮೊದಲ ಡಬ್ಬಿ: 20, 15, 10 ಸೆಂಟಿಮೀಟರ್. ಒಟ್ಟು ಮೇಲ್ಮೈ 0.13 ಚದರ ಮೀಟರ್. ಒಳಗೆ ಅಡಾಪ್ಟರ್, ಕಾಂಟ್ಯಾಕ್ಟರ್ ಕಾಯಿಲ್, ಸಿಮ್ ಮಾಡ್ಯೂಲ್ ಸೇರಿ 10 ವ್ಯಾಟ್. ಲೆಕ್ಕ ಹಾಕಿದ್ರೆ 22 ಡಿಗ್ರಿ ಏರಿಕೆ. ಹೊರಗೆ 43 ಇದ್ರೆ ಒಳಗೆ 65, ಅದೂ ನೆರಳಿನಾಗ. ನಾವು ಇಟ್ಟಿದ್ದು ಬಿಸಿಲಿನಾಗ, ಪಾರದರ್ಶಕ ಡಬ್ಬ್ಯಾಗ. ಸಾಮಾನ್ಯ ದರ್ಜೆಯ ಚಿಪ್‌ಗಳ ಮಿತಿ 70. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಆಯುಷ್ಯ ಪ್ರತಿ 10 ಡಿಗ್ರಿಗೆ ಹೆಚ್ಚು ಕಡಿಮೆ ಅರ್ಧ ಆಗ್ತದ. ಆ ಉಬ್ಬಿದ ತಲೆಯ ಕಾರಣ ಈಗ ತಿಳೀತಲ್ಲ? ಈ ಲೆಕ್ಕ ಮೊದಲೇ ಹಾಕಿದ್ರೆ ಕಾಕಾನ ಎಷ್ಟೋ ರಾತ್ರಿ ಉಳೀತಿದ್ವು.

ಭಾಗ 8: ಎರಡನೇ ತಪ್ಪು

ಮುಂದೆ ನಾವು ಬುದ್ಧಿವಂತರಾದ್ವಿ ಅಂದ್ಕೊಂಡ್ರೇನು? ಇಲ್ಲ. ಕಬ್ಬಿಣ ಶಾಖ ಚೆನ್ನಾಗಿ ಬಿಡ್ತದ ಅಂತ ಎಲ್ಲವನ್ನ ದೊಡ್ಡ ಕಬ್ಬಿಣದ ಡಬ್ಬಿಗೆ ಹಾಕಿದ್ವಿ, ಶೆಡ್ಡಿನ ಒಳಗೆ ಇಟ್ವಿ. ಬಿಸಿ ಕಡಿಮೆ ಆಯ್ತು. ಬಾಗಿಲು ಮುಚ್ಚಿದ ಕೂಡಲೇ ಸಿಗ್ನಲ್ ಹೋಯ್ತು. ಫೋನ್ ಮಾಡಿದ್ರೆ "ನೀವು ಕರೆ ಮಾಡಿದ ಚಂದಾದಾರರು..."

ಇದಕ್ಕೂ ಉತ್ತರ ಸೈಟ್‌ನಾಗೇ ಇತ್ತು. ಆ ಕೋಳಿಗೂಡಿನ ಜಾಲರಿ ಡಿಶ್ ಯಾಕೆ ಕೆಲಸ ಮಾಡ್ತು? ಎಟಿಎಸ್-6ರ ಸಿಗ್ನಲ್ 860 ಮೆಗಾಹರ್ಟ್ಸ್. ಅದರ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಅಷ್ಟು ಉದ್ದದ ಅಲೆಗೆ ಜಾಲರಿಯ ಸಣ್ಣ ತೂತು ಕಾಣೋದೇ ಇಲ್ಲ, ಗಟ್ಟಿ ತಗಡಿನಂಗ ಅನ್ನಿಸಿ ವಾಪಸ್ ತಿರುಗ್ತದ. ಗಾಳಿ ಮಾತ್ರ ಪಾರಾಗಿ ಹೋಗ್ತದ. ನಮ್ಮ ಸಿಮ್ ನಡೆಯೋದು 900 ಮೆಗಾಹರ್ಟ್ಸ್ ಆಸುಪಾಸಿನಾಗ, ಹೆಚ್ಚು ಕಡಿಮೆ ಅದೇ ಉದ್ದದ ಅಲೆ. ಕಬ್ಬಿಣದ ಡಬ್ಬಿಗೆ ಗಾಳಿಗಂತ ಎಷ್ಟು ಸಣ್ಣ ತೂತು ಕೊರೆದ್ರೂ ಸಿಗ್ನಲ್ ಒಳಗೆ ಬರಲ್ಲ. 1975ರಲ್ಲಿ ಟಿವಿ ತೋರಿಸಿದ ಅದೇ ಗುಣ ನಮ್ಮ ಫೋನ್ ಕಟ್ ಮಾಡಿತು.

ಭಾಗ 9: ಮೂರನೇ ಡಬ್ಬಿ

ಕೊನೇ ಫೋಟೊ. ಈ ಸಲ ಮೊದಲು ಪ್ರಶ್ನೆ ಬರಕೊಂಡ್ವಿ, ಆಮೇಲೆ ಅಂಗಡಿಗೆ ಹೋದ್ವಿ.

ಎಲ್ಲಿ ಇರ್ತದ? ಶೆಡ್ಡಿನ ಒಳಗೋಡೆ, ನೆರಳು. ಶೆಡ್ಡೇ ಮೊದಲ ಡಬ್ಬಿ.

ಬಿಸಿ ಯಾವುದು? ಕಾಂಟ್ಯಾಕ್ಟರ್ ಮತ್ತು ಅದರ ಅಡಾಪ್ಟರ್. ಅವೆರಡನ್ನ ಅರ್ಥಿಂಗ್ ಮಾಡಿದ ಕಬ್ಬಿಣದ ಸ್ಟಾರ್ಟರ್ ಡಬ್ಬಿಗೇ ಬಿಟ್ವಿ. ಆ ಕೆಲಸ ಮಾಡಿದ್ದು ಲೈಸೆನ್ಸ್ ಇರೋ ಎಲೆಕ್ಟ್ರೀಷಿಯನ್. ತ್ರೀ ಫೇಸ್‌ಗೆ ನೀವು ಕೈ ಹಾಕಬ್ಯಾಡ್ರಿ.

ಸೂಕ್ಷ್ಮ ಯಾವುದು? ಬೋರ್ಡು ಮತ್ತು ಸಿಮ್, ಬರೀ 3 ವ್ಯಾಟ್. ಅದಕ್ಕೆ 30, 20, 15 ಸೆಂಟಿಮೀಟರ್‌ನ ಬೂದು ಬಣ್ಣದ ಪಾಲಿಕಾರ್ಬೊನೇಟ್ ಡಬ್ಬಿ, ಐಪಿ65. ಗೋಡೆಗೆ ಅಂಟಿದ ಬೆನ್ನು ಬಿಟ್ಟು ಮೇಲ್ಮೈ 0.21 ಚದರ ಮೀಟರ್. ಏರಿಕೆ 4 ಡಿಗ್ರಿ. ಪ್ಲಾಸ್ಟಿಕ್ ಆದ್ದರಿಂದ ಸಿಗ್ನಲ್ ಸಲೀಸು.

ವಯರ್ ಎಲ್ಲಿಂದ? ಕೆಳಗಿನಿಂದ, ರಬ್ಬರ್ ಇರೋ ಗ್ಲ್ಯಾಂಡ್ ಹಾಕಿ. ಮೇಲಿನಿಂದ ತಂದ್ರೆ ನೀರು ವಯರ್ ಹಿಡ್ಕೊಂಡು ನೆಟ್ಟಗೆ ಒಳಗೆ ಬರ್ತದ. ಗೇಣಿನಷ್ಟು ವಯರ್ ಜೋತು ಬಿಟ್ರೆ ಹನಿ ಅಲ್ಲೇ ಉದುರ್ತದ. ಮಧ್ಯಾಹ್ನ ಕಾದ ಡಬ್ಬಿ ಸಂಜೆ ಮಳೆಗೆ ತಣ್ಣಗಾದಾಗ ಹೊರಗಿನ ತೇವ ಒಳಗೆಳ್ಕೋತದ, ಅದಕ್ಕೆ ತಳದಾಗ ಉಸಿರಾಡೋ ಪ್ಲಗ್ ಒಂದು.

ಕಲಬುರಗಿಯಿಂದ ಕಮಲಾಪುರಕ್ಕೆ ರೈಲಿನಾಗ ಹೋಗ್ರಿ. 2017ರಲ್ಲಿ ಉದ್ಘಾಟನೆಯಾದ ಬೀದರ್ ಮಾರ್ಗ ಅದು. ಹಳಿಯ ಪಕ್ಕದ ಸಿಗ್ನಲ್ ಪೆಟ್ಟಿಗೆಗಳನ್ನ ಗಮನಿಸ್ರಿ. ಮೊದಲು ನನಗೆ ಅವು ಬರೀ ಕಬ್ಬಿಣ ಅನ್ನಿಸ್ತಿದ್ವು. ಈಗ ಪ್ರತಿ ಪೆಟ್ಟಿಗೆಯ ಹಿಂದೆ ಯಾರೋ ಕೂತು ಬಿಸಿಲು, ಧೂಳು, ನೀರು, ಕೈ ಅಂತ ಲೆಕ್ಕ ಹಾಕಿದ್ದು ಕಾಣ್ತದ.

ಮೂರನೇ ಡಬ್ಬಿ ಈ ಮಳೆಗಾಲ ದಾಟ್ಯದ. ಕಾಕಾ ಮನೆಯಿಂದಲೇ ಮೋಟರ್ ಚಾಲೂ ಮಾಡ್ತಾರ. "ಏಪ್ರಿಲ್ ಬರ್ಲಿ, ಆಮೇಲೆ ಶಾಬ್ಬಾಸ್ ಅಂತೀನಿ" ಅಂದಾರ. ಬ್ಯಾಟರಿ ಮಾತ್ರ ಬಾಗಿಲ ಹಿಂದೆ ಅದೇ ಮೊಳೆಗೆ ತೂಗ್ತಾ ಅದ, ಇನ್ನೂ ತೆಗೆದಿಲ್ಲ. ಖರೆ ಅಂದ್ರೆ ನಾನೂ ತೆಗೀರಿ ಅಂತ ಹೇಳಿಲ್ಲ.

ನಿಮಗೊಂದು ಕೆಲಸ. 1975ರಲ್ಲಿ ಹತ್ತು ವರ್ಷ ಇದ್ದವರು ಈಗ 60 ದಾಟಿರ್ತಾರ. ನಿಮ್ಮ ಹಳ್ಳಿಯ ಹಿರಿಯರಿಗೆ ಕೇಳ್ರಿ: ಶಾಲೆಗೆ ಬಂದ ಆ ಟಿವಿ ನೆನಪದ ಏನು? ಎಲ್ಲಿ ಇಟ್ಟಿದ್ರು, ಕೀಲಿ ಯಾರ ಹತ್ರ ಇತ್ತು, ನೀವು ಎಲ್ಲಿ ಕೂಡ್ತಿದ್ರಿ? ಅವರು ಹೇಳಿದ್ದನ್ನ ಕಾಮೆಂಟಿನಾಗ ಬರೀರಿ. ಒಟ್ಟು ಸೇರಿಸಿ ಮುಂದಿನ ಸರಣಿ ಮಾಡೋಣ.

#ಕಲಬುರಗಿ #ಕಮಲಾಪುರ #ನಮ್ಮೂರಇತಿಹಾಸ #ಡಬ್ಬಿಕಥೆ